ಎರಡು ವಿಮಾನಗಳ ನಡುವೆ ಸಿಕ್ಕ ಸಿಂಗಾಪುರ

ಟಿಕೆಟ್ ನೋಡಿದ ದಿನವೇ ಅಮ್ಮನ ಮುಖ ಸಪ್ಪಗಾಗಿತ್ತು. ಮೆಲ್ಬರ್ನ್‌ನ ಅಣ್ಣನ ಮನೆಯಲ್ಲಿ ಎರಡು ತಿಂಗಳಿದ್ದು ನಾವಿಬ್ಬರೂ ಊರಿಗೆ ಹೊರಟಿದ್ದೆವು. ಬೆಳಗಿನ ಜಾವ ಐದೂವರೆಗೆ ಸಿಂಗಾಪುರದಲ್ಲಿ ಇಳಿಯಬೇಕು. ಮುಂದಿನ ವಿಮಾನ ರಾತ್ರಿ ಎಂಟಕ್ಕೆ. "ಅಲ್ಲೀವರೆಗೂ ಕುರ್ಚಿ ಮೇಲೆ ಕೂತ್ಕೊಂಡೇ ಇರೋದಾ?" ಅಂತ ಅಮ್ಮ ಕೇಳಿದಳು. ಅವಳಿಗೆ ಎಪ್ಪತ್ತು ಹತ್ತಿರ. ಮಂಡಿ ನೋವು ಬೇರೆ. ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಆ ಟಿಕೆಟ್ ತೆಗೆದಿದ್ದು ನಾನು. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆ ಚಿಂತೆಯಲ್ಲೇ ಹುಡುಕುತ್ತಾ ಕೂತಾಗ ಒಂದು ವಿಷಯ ಗೊತ್ತಾಯಿತು. ಚಾಂಗಿ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸುವ ಪ್ರಯಾಣಿಕರಿಗೆ ಊರು ತೋರಿಸುವ ಬಸ್ ಇದೆ. ಜೊತೆಗೆ ಗೈಡ್ ಇರುತ್ತಾರೆ. ಎರಡೂವರೆ ಗಂಟೆಯ ಸುತ್ತು. ಪೂರ್ತಿ ಉಚಿತ. ಎರಡು ವಿಮಾನಗಳ ನಡುವೆ ಕನಿಷ್ಠ ಐದೂವರೆ ಗಂಟೆ ಬಿಡುವಿರಬೇಕು, 24 ಗಂಟೆ ಮೀರಬಾರದು. ನಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿತ್ತು.

ವೀಸಾದ್ದೊಂದು ಗೊಂದಲ ಉಳಿದಿತ್ತು. ಊರು ನೋಡಬೇಕೆಂದರೆ ಇಮಿಗ್ರೇಶನ್ ದಾಟಲೇಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಿಂಗಾಪುರದ ವೀಸಾ ಬೇಕು. ಆದರೆ ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಜಪಾನ್ ಹೀಗೆ ಕೆಲವು ದೇಶಗಳ ವೀಸಾ ಇದ್ದು, ಆ ದೇಶಕ್ಕೆ ಹೋಗುವಾಗಲೋ ಅಲ್ಲಿಂದ ಬರುವಾಗಲೋ ಸಿಂಗಾಪುರದಲ್ಲಿ ಇಳಿದರೆ ವೀಸಾ ಇಲ್ಲದೆ 96 ಗಂಟೆಯವರೆಗೆ ಇರಬಹುದು. ಮುಂದಿನ ಟಿಕೆಟ್ ಕೈಯಲ್ಲಿರಬೇಕು. ಒಳಗೆ ಬಿಡುವುದು ಕೊನೆಗೆ ಅಲ್ಲಿನ ಅಧಿಕಾರಿಗೆ ಬಿಟ್ಟ ವಿಷಯ. ಹೊರಡುವ ಎರಡು ದಿನ ಮೊದಲು ಅರೈವಲ್ ಕಾರ್ಡನ್ನೂ ಆನ್‌ಲೈನ್‌ನಲ್ಲೇ ತುಂಬಿದೆ. ಸರ್ಕಾರದ ವೆಬ್‌ಸೈಟ್‌ನಲ್ಲಿ ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ಬೇರೆ ವೆಬ್‌ಸೈಟ್‌ಗಳು ಕಾಣಿಸುತ್ತವೆ, ದಯವಿಟ್ಟು ಅವುಗಳ ಹತ್ತಿರ ಹೋಗಬೇಡಿ.

ಬೆಳಿಗ್ಗೆ ಇಳಿದು, ಮುಖ ತೊಳೆದು, ತಿಂಡಿ ಮುಗಿಸಿ ಕೌಂಟರಿನ ಹತ್ತಿರ ಹೋದೆವು. ಪಾಸ್‌ಪೋರ್ಟ್, ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ನೋಡಿ, ಎದೆಗೆ ಅಂಟಿಸಿಕೊಳ್ಳಲು ಒಂದೊಂದು ಸ್ಟಿಕರ್ ಕೊಟ್ಟರು. ಅಮ್ಮ ಸೀರೆಯ ಮೇಲೆ ಹಾಕಿದ್ದ ಸ್ವೆಟರಿಗೆ ಅದನ್ನು ಅಂಟಿಸಿ ಎರಡು ಸಲ ಒತ್ತಿದಳು. ನಮ್ಮ ಜೊತೆ ಇನ್ನೂ ಸುಮಾರು ಇಪ್ಪತ್ತು ಜನ. ಯಾರೂ ಯಾರಿಗೂ ಗೊತ್ತಿಲ್ಲ. ಎಲ್ಲರ ಕಣ್ಣಲ್ಲೂ ಅದೇ ಅರ್ಧ ನಿದ್ದೆ.

ಗೈಡ್ ಒಬ್ಬ ಹೆಂಗಸು. ಅರವತ್ತು ದಾಟಿರಬಹುದು. ಗಿಡ್ಡ ಕೂದಲು, ತಲೆಗೆ ಬಟ್ಟೆಯ ಟೋಪಿ, ಕೈಯಲ್ಲಿ ಮಡಿಸಿದ ಕೊಡೆ. ಬಸ್ ಹತ್ತುವ ಮೊದಲು ಆಕೆ ಒಬ್ಬೊಬ್ಬರ ಹತ್ತಿರ ಬಂದು ಮುಂದಿನ ವಿಮಾನ ಎಷ್ಟಕ್ಕೆ ಅಂತ ಕೇಳಿ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನಗೆ ಅಲ್ಲೇ ಅರ್ಧ ಧೈರ್ಯ ಬಂತು. ಗೊತ್ತಿಲ್ಲದ ಊರಲ್ಲಿ ಹೊರಗೆ ಹೋಗುವಾಗ ದೊಡ್ಡ ಭಯ ಅದೇ ತಾನೇ, ವಾಪಸ್ ಬರುವುದು ತಡವಾದರೆ ಅನ್ನುವುದು. ಆ ಭಯವನ್ನು ಆಕೆ ನಮ್ಮಿಂದ ತೆಗೆದುಕೊಂಡು ತನ್ನ ನೋಟ್‌ಬುಕ್ಕಿಗೆ ಹಾಕಿಕೊಂಡುಬಿಟ್ಟರು. ಅಮ್ಮನ ನಡಿಗೆ ನೋಡಿ, "ಆಂಟಿ, ನೀವು ಮುಂದಿನ ಸೀಟು" ಅಂತ ಕೈ ಹಿಡಿದು ಹತ್ತಿಸಿದರು.

ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಗೈಡ್ ಮೈಕಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಅಮ್ಮನ ಕಿವಿಗೆ ಹಾಕುತ್ತಾ ಹೋದೆ. ಹಾಗೆ ಹೇಳಬೇಕಾಗಿ ಬಂದಿದ್ದಕ್ಕೇ ನನಗೂ ಎಲ್ಲ ಇಷ್ಟು ಚೆನ್ನಾಗಿ ನೆನಪಿರುವುದು.

ಊರಿಗೆ ಹೋಗುವ ಹೆದ್ದಾರಿಯ ಹೆಸರು ಈಸ್ಟ್ ಕೋಸ್ಟ್ ಪಾರ್ಕ್‌ವೇ. ಎರಡೂ ಕಡೆ ಮಳೆಮರಗಳು ಕೊಡೆ ಬಿಚ್ಚಿದ ಹಾಗೆ ನಿಂತಿವೆ. ಈ ರಸ್ತೆ ಇರುವ ಜಾಗ ಮೊದಲು ಸಮುದ್ರ, ಮಣ್ಣು ತುಂಬಿ ಮಾಡಿದ ನೆಲ ಅಂತ ಆಕೆ ಹೇಳಿದರು. 1965ರಲ್ಲಿ ಸ್ವತಂತ್ರ ದೇಶವಾದಾಗ ಸಿಂಗಾಪುರ ಸುಮಾರು 580 ಚದರ ಕಿಲೋಮೀಟರ್ ಇತ್ತು. ಈಗ 730 ದಾಟಿದೆ. ಅಮ್ಮ "ನೆಲ ಬೆಳೆಯುತ್ತಾ?" ಅಂತ ಕೇಳಿದಳು. ಬೆಳೆಸಿದ್ದಾರೆ ಅಂದೆ.

ಮರಗಳ ಸಂದಿಯಲ್ಲಿ ಸಮುದ್ರ ಕಂಡಿತು. ಅದರ ತುಂಬಾ ಹಡಗುಗಳು. ಒಂದೆರಡಲ್ಲ, ಕಣ್ಣು ಹಾಯುವವರೆಗೂ ಹಡಗು. ಯಾವುದೂ ಅಲ್ಲಾಡುತ್ತಿಲ್ಲ. ಕೆಲವು ಸರಕಿಗೆ ಕಾಯುತ್ತಿರುತ್ತವೆ, ಎಷ್ಟೋ ಹಡಗು ಎಣ್ಣೆ ತುಂಬಿಸಿಕೊಳ್ಳಲು ನಿಂತಿರುತ್ತವೆ, ಜಗತ್ತಿನಲ್ಲಿ ಹಡಗುಗಳಿಗೆ ಅತಿ ಹೆಚ್ಚು ಇಂಧನ ತುಂಬುವ ಬಂದರು ಇದು ಅಂತ ಗೈಡ್ ಹೇಳಿದರು. ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು ನೋಡುತ್ತಲೇ ಇದ್ದಳು. "ನಮ್ಮ ಹಾಗೇ ಇವೂ ದಾರಿ ಮಧ್ಯೆ ನಿಂತಿವೆ" ಅಂದಳು.

ಮೊದಲು ಇಳಿದದ್ದು ಮೆರ್ಲಯನ್ ಪಾರ್ಕಿನಲ್ಲಿ. ಸಿಂಹದ ತಲೆ, ಮೀನಿನ ಮೈ, ಬಾಯಿಂದ ನೀರು. ಫೋಟೋಗಳಲ್ಲಿ ಎಲ್ಲರೂ ನೋಡಿರುತ್ತೀರಿ. 8.6 ಮೀಟರ್ ಎತ್ತರ. ಲಿಮ್ ನಾಂಗ್ ಸೆಂಗ್ ಅನ್ನುವ ಶಿಲ್ಪಿ ಮಾಡಿದ್ದು. 1972ರಲ್ಲಿ ಆಗಿನ ಪ್ರಧಾನಿ ಲೀ ಕ್ವಾನ್ ಯೂ ಉದ್ಘಾಟಿಸಿದ್ದರು. ಆಮೇಲೆ ಎದುರಿಗೆ ಸೇತುವೆ ಬಂದು ಸಮುದ್ರದ ಕಡೆಯಿಂದ ಇದು ಕಾಣದ ಹಾಗಾಯಿತು. ಅದಕ್ಕೇ 2002ರಲ್ಲಿ ಇಡೀ ಮೂರ್ತಿಯನ್ನು ಎತ್ತಿ ಈಗಿನ ಜಾಗಕ್ಕೆ ತಂದರು. 70 ಟನ್ ತೂಕದ್ದು! ಮಲಯ ಐತಿಹ್ಯದಲ್ಲಿ ಒಬ್ಬ ರಾಜಕುಮಾರ ಇಲ್ಲಿ ಸಿಂಹದಂಥ ಪ್ರಾಣಿ ಕಂಡು ಸಿಂಗಪುರ ಅಂತ ಹೆಸರಿಟ್ಟನಂತೆ. "ಓ, ಸಿಂಹಪುರ!" ಅಂತ ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಅಂದಳು. ಗೈಡ್ ಹೇಳಿದ್ದರಲ್ಲಿ ನನ್ನ ಸಹಾಯವಿಲ್ಲದೆ ಅವಳಿಗೆ ಪೂರ್ತಿ ಅರ್ಥವಾದ ಮೊದಲ ಮಾತು ಅದು.

ಎದುರಿಗೆ ಮರೀನಾ ಬೇ ಸ್ಯಾಂಡ್ಸ್ ಅನ್ನುವ ದೊಡ್ಡ ಹೋಟೆಲ್. ಮೂರು ಗೋಪುರಗಳ ತಲೆಯ ಮೇಲೆ ದೋಣಿ ಇಟ್ಟ ಹಾಗೆ. ಅಲ್ಲಿದ್ದವರೆಲ್ಲ ಅದರ ಫೋಟೋ ತೆಗೆಯುತ್ತಿದ್ದರು, ನಾನೂ ತೆಗೆದೆ. ಆದರೆ ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದದ್ದು ಕೆಳಗಿದ್ದ ನೀರು. ನಾನು ಅದನ್ನು ಸಮುದ್ರ ಅಂದುಕೊಂಡಿದ್ದೆ. ಗೈಡ್ ತಲೆ ಅಲ್ಲಾಡಿಸಿದರು. 2008ರಲ್ಲಿ ಮರೀನಾ ಬ್ಯಾರೇಜ್ ಅನ್ನುವ ಕಟ್ಟೆ ಕಟ್ಟಿ ಸಮುದ್ರವನ್ನು ಹೊರಗಿಟ್ಟರಂತೆ. ಊರಿನ ಮೇಲೆ ಬಿದ್ದ ಮಳೆ ಕಾಲುವೆಗಳಲ್ಲಿ ಹರಿದು ಇಲ್ಲಿ ಸೇರುತ್ತದೆ. ಈಗ ಇದು ಸಿಹಿನೀರಿನ ಜಲಾಶಯ. ಆಕಾಶ ಮುಟ್ಟುವ ಬ್ಯಾಂಕುಗಳ ಮಧ್ಯೆ, ಪ್ರವಾಸಿಗರು ಫೋಟೋ ತೆಗೆಯುವ ಜಾಗದಲ್ಲಿ, ಒಂದು ಊರು ಕುಡಿಯುವ ನೀರು ಕೂಡಿಡುತ್ತಿದೆ. ಒಬ್ಬಳೇ ಬಂದಿದ್ದರೆ ನನಗೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಆಮೇಲೆ ಬಸ್ ಕಂಪೊಂಗ್ ಗ್ಲಾಮ್ ಕಡೆ ಹೊರಟಿತು. ಕಂಪೊಂಗ್ ಅಂದರೆ ಮಲಯದಲ್ಲಿ ಹಳ್ಳಿ. ಗೆಲಾಂ ಅನ್ನುವುದು ಇಲ್ಲಿ ಬೆಳೆಯುತ್ತಿದ್ದ ಒಂದು ಮರ. 1822ರಲ್ಲಿ ಬ್ರಿಟಿಷರು ಊರಿನ ನಕ್ಷೆ ಮಾಡಿದಾಗ ಮಲಯರಿಗೆ, ಅರಬರಿಗೆ, ಬುಗಿಸ್ ಜನರಿಗೆ ಈ ಕಡೆ ಜಾಗ ಕೊಟ್ಟರು. ಬಸ್ಸಿನಿಂದ ಇಳಿದರೆ ಎರಡಂತಸ್ತಿನ ಹಳೇ ಅಂಗಡಿ ಮನೆಗಳ ಸಾಲು. ಕೆಳಗೆ ಅಂಗಡಿ, ಮೇಲೆ ಮನೆ. ಹಸಿರು, ನೀಲಿ, ಹಳದಿ ಕಿಟಕಿಗಳು. ಬಿಸಿಲು ಏರಿತ್ತು. ಅಮ್ಮ ಸುಸ್ತಾದ ಹಾಗೆ ಕಂಡಳು. ಗೈಡ್ ನಮ್ಮನ್ನು ಅಂಗಡಿಗಳ ಮುಂದಿನ ಜಗುಲಿಗೆ ಕರೆದರು. ಮೇಲಿನ ಮಹಡಿ ಸ್ವಲ್ಪ ಮುಂದಕ್ಕೆ ಚಾಚಿ, ಕೆಳಗೆ ಉದ್ದಕ್ಕೂ ನೆರಳಿನ ದಾರಿ. ಇದಕ್ಕೆ ಐದಡಿ ದಾರಿ ಅಂತ ಹೆಸರು. ಪ್ರತಿ ಅಂಗಡಿಯವನೂ ತನ್ನ ಅಂಗಡಿ ಮುಂದೆ ಇಷ್ಟು ಜಾಗಕ್ಕೆ ಸೂರು ಹಾಕಿ ನಡೆಯುವವರಿಗೆ ಬಿಡಲೇಬೇಕು ಅಂತ ಆ 1822ರ ಕಾಲದಲ್ಲೇ ನಿಯಮ ಮಾಡಿದ್ದರು. ಇನ್ನೂರು ವರ್ಷದ ಹಿಂದೆ ಯಾರೋ ಯೋಚಿಸಿದ ನೆರಳಿನಲ್ಲಿ ಅಮ್ಮ ಮಂಡಿ ನೀವಿಕೊಳ್ಳುತ್ತಾ ನಿಂತಿದ್ದಳು.

ಬುಸ್ಸೋರಾ ಬೀದಿಯ ತುದಿಯಲ್ಲಿ, ಎರಡು ಸಾಲು ತಾಳೆಯ ಜಾತಿಯ ಮರಗಳ ನಡುವೆ, ಸುಲ್ತಾನ್ ಮಸೀದಿಯ ಚಿನ್ನದ ಬಣ್ಣದ ಗುಮ್ಮಟ. ಮೊದಲಿನ ಮಸೀದಿ 1820ರ ದಶಕದ್ದು. ಅದು ಹಳೆಯದಾಗಿ, ಜನಕ್ಕೆ ಸಾಲದಾಗಿ, ಈಗಿನದನ್ನು ಕಟ್ಟಿ ಮುಗಿಸಿದ್ದು 1932ರಲ್ಲಿ. ನಮ್ಮ ಗುಂಪಿನವರೆಲ್ಲ ಮೊಬೈಲ್ ಎತ್ತಿದರು. ಗೈಡ್ ಕೊಡೆಯ ತುದಿಯನ್ನು ಮೇಲಕ್ಕೆ ಚಾಚಿ ಹೇಳಿದರು, "ಫೋಟೋ ಆಮೇಲೆ. ಮೊದಲು ಗುಮ್ಮಟದ ಬುಡ ನೋಡಿ."

ಚಿನ್ನದ ಬಣ್ಣ ಮುಗಿದು ಗುಮ್ಮಟ ಕಟ್ಟಡಕ್ಕೆ ಕೂರುವ ಕಡೆ ಕಪ್ಪಗಿನ ಒಂದು ಪಟ್ಟಿ ಇದೆ. ದೂರದಿಂದ ಬಣ್ಣ ಬಳಿದ ಹಾಗೆ ಕಾಣುತ್ತದೆ. ಕಣ್ಣು ಕಿರಿದು ಮಾಡಿ ನೋಡಿದರೆ ಅದು ಚುಕ್ಕಿ ಚುಕ್ಕಿ. ಪಕ್ಕ ಪಕ್ಕ ಜೋಡಿಸಿದ ದುಂಡನೆಯ ಚುಕ್ಕಿಗಳು, ಸಾಲಿನ ಮೇಲೆ ಸಾಲು. ಬಿಸಿಲು ಬಿದ್ದ ಕಡೆ ಮಿಣುಕ್ ಅನ್ನುತ್ತವೆ. ಅವು ಗಾಜಿನ ಬಾಟಲಿಗಳ ತಳ. ಮಸೀದಿ ಕಟ್ಟುವಾಗ ಉಳ್ಳವರು ಹಣ ಕೊಟ್ಟರು. ಇಲ್ಲದವರು? ಅವರು ಬಾಟಲಿ ತಂದು ಕೊಟ್ಟರು. ಅವರ ಪಾಲೂ ಇರಲಿ ಅಂತ ಆ ಬಾಟಲಿಗಳನ್ನು ಗುಮ್ಮಟದ ಸುತ್ತ ಕೂರಿಸಿದರು.

ನಾನು ಇದನ್ನು ಅಮ್ಮನಿಗೆ ಹೇಳಿದೆ. ಅವಳು ಕನ್ನಡಕ ತೆಗೆದು, ಸೆರಗಿನ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಅಂದಳು, "ಬಡವರದ್ದು ಅಂತ ಮೂಲೆಗೆ ಹಾಕಿಲ್ಲ ನೋಡು. ಅಷ್ಟು ಮೇಲೆ ಇಟ್ಟಿದಾರೆ."

ನಾನು ಅದನ್ನು ಇಂಗ್ಲಿಷಿಗೆ ಮಾಡಿ ಗೈಡ್‌ಗೆ ಹೇಳಿದೆ. ಬೆಳಿಗ್ಗೆಯಿಂದ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದ ಅನುವಾದ ಆಗ ಮೊದಲ ಸಲ ಈ ಕಡೆಯಿಂದ ಆ ಕಡೆಗೆ ಹೋಯಿತು. ಆಕೆ ಏನೂ ಮಾತಾಡಲಿಲ್ಲ. ಅಮ್ಮನ ಭುಜದ ಮೇಲೆ ಕೈ ಇಟ್ಟು ತಾನೂ ಗುಮ್ಮಟ ನೋಡುತ್ತಾ ನಿಂತರು. ಎಷ್ಟು ನೂರು ಸಲ ನೋಡಿದ್ದರೋ ಅದನ್ನು.

ಒಳಗೆ ಹೋಗುವಷ್ಟು ಸಮಯ ಇರಲಿಲ್ಲ. ಇಪ್ಪತ್ತು ನಿಮಿಷ ಸುತ್ತಾಡಿ ಬನ್ನಿ ಅಂದರು. ನಾವು ಅರಬ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿಗಳ ಮುಂದೆ ನಿಧಾನಕ್ಕೆ ನಡೆದೆವು. ಅಮ್ಮ ಒಂದು ಬಾಟಿಕ್ ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು, ಕೊಳ್ಳಲಿಲ್ಲ. ವಾಪಸ್ ಬಸ್ ಹತ್ತಿರ ಬಂದಾಗ ಒಬ್ಬ ಹುಡುಗ ಬಂದಿರಲಿಲ್ಲ. ಗೈಡ್ ನೋಟ್‌ಬುಕ್ ತೆಗೆದು ಅವನ ವಿಮಾನದ ಸಮಯ ನೋಡಿದರು. ಎಲ್ಲರಿಗಿಂತ ಮೊದಲು ಹೋಗಬೇಕಾದವನು ಅವನೇ. ಆ ಬಿಸಿಲಲ್ಲಿ ಆಕೆ ಓಡಿದರು. ಆ ವಯಸ್ಸಿನಲ್ಲಿ, ನಿಜವಾಗಲೂ ಓಡಿದರು. ಐದು ನಿಮಿಷದಲ್ಲಿ ಅವನನ್ನು ಕರೆದುಕೊಂಡು ಬಂದರು. ಒಂದು ಮಾತೂ ಬೈಯಲಿಲ್ಲ, ನೀರಿನ ಬಾಟಲಿ ಕೊಟ್ಟು ಕೂರಿಸಿದರು. ಸಂಬಳಕ್ಕೆ ಮಾಡುವ ಕೆಲಸದಲ್ಲಿ ಇಷ್ಟು ಅಕ್ಕರೆ ಇರುವವರನ್ನು ನೋಡಿದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಬಸ್ ಬೀಚ್ ರೋಡ್ ದಾಟಿತು. ಹೆಸರು ಬೀಚ್, ಸುತ್ತ ಬರೀ ಕಟ್ಟಡ. ಒಂದು ಕಾಲದಲ್ಲಿ ಅಲೆ ಇಲ್ಲಿಗೇ ಬಂದು ಬಡಿಯುತ್ತಿತ್ತು ಅಂತ ಆಕೆ ಹೇಳಿದರು. ಸಮುದ್ರ ದೂರ ಹೋಯಿತು, ಹೆಸರು ಇಲ್ಲೇ ಉಳಿಯಿತು.

ಚಾಂಗಿಗೆ ಬಂದ ಮೇಲೂ ಬೇಕಾದಷ್ಟು ಸಮಯವಿತ್ತು. ಪಕ್ಕದ ಜ್ಯುವೆಲ್ ಕಟ್ಟಡದಲ್ಲಿ 40 ಮೀಟರ್ ಎತ್ತರದಿಂದ, ಗಾಜಿನ ಛಾವಣಿಯ ನಡುವಿನಿಂದ ನೀರು ಬೀಳುತ್ತದೆ. ಅದರ ಮುಂದೆ ಕೂತು ಊಟ ಮಾಡಿದೆವು. ಅಮ್ಮ ಅಲ್ಲೇ ಒಂದು ಗಂಟೆ ಕಣ್ಣು ಮುಚ್ಚಿದಳು.

ರಾತ್ರಿ ವಿಮಾನದಲ್ಲಿ ಅಮ್ಮನಿಗೆ ಕಿಟಕಿ ಸೀಟು ಸಿಕ್ಕಿತು. ನಾನು ಆ ಕಡೆ ತುದಿಯಲ್ಲಿ. ನಮ್ಮಿಬ್ಬರ ಮಧ್ಯೆ ಓದಲು ಹೋಗಿದ್ದ ಒಬ್ಬ ಹುಡುಗಿ, ಕನ್ನಡದವಳೇ. ಅವಳೂ ಒಂಬತ್ತು ಗಂಟೆ ಚಾಂಗಿಯಲ್ಲೇ ಕೂತಿದ್ದಳಂತೆ, ಮೊಬೈಲ್ ನೋಡಿಕೊಂಡು. ವಿಮಾನ ಏರಿ ಬಾಗಿದಾಗ ಕೆಳಗೆ ಕತ್ತಲಿನ ನೀರಿನ ಮೇಲೆ ನೂರಾರು ದೀಪ ಕಂಡವು. "ಅದೂ ಊರೇನಾ ಆಂಟಿ?" ಅಂತ ಹುಡುಗಿ ಬಗ್ಗಿ ಕೇಳಿದಳು.

"ಊರಲ್ಲಮ್ಮ, ಹಡಗು. ಎಣ್ಣೆ ತುಂಬಿಸ್ಕೊಳ್ಳೋಕೆ ನಿಂತಿವೆ" ಅಂದಳು ಅಮ್ಮ. ಸ್ವೆಟರಿನ ಮೇಲೆ ಬೆಳಗಿನ ಸ್ಟಿಕರ್ ಹಾಗೇ ಇತ್ತು. ಅವಳು ಹುಡುಗಿಯ ಕಡೆ ತಿರುಗಿ ಸರಿಯಾಗಿ ಕೂತಳು. "ಅಲ್ಲಿ ಒಂದು ಮಸೀದಿ ಇದೆ. ಅದರ ಗುಮ್ಮಟದ ಬುಡದಲ್ಲಿ ಏನಿದೆ ಗೊತ್ತಾ?"