ಆ ಅಕ್ಕತಂಗಿಯರ ಬಗ್ಗೆ ನಮ್ಮ ಮನೆಯಲ್ಲಿ ನಡೆದ ಜಗಳ

ಸೋಫಿಯಾ ಕೊಪೊಲಾ ಅವರ ಮೊದಲ ಸಿನಿಮಾ ‘ದಿ ವರ್ಜಿನ್ ಸೂಯಿಸೈಡ್ಸ್’ ಮೊದಲು ತೆರೆ ಕಂಡದ್ದು 1999ರ ಕಾನ್ ಚಿತ್ರೋತ್ಸವದಲ್ಲಿ. ಇವತ್ತಿಗೂ ಅದರ ಮಾತು ಬಂದರೆ ಜನ ಎರಡು ಪಾಲಾಗುತ್ತಾರೆ. ಒಬ್ಬರಿಗೆ ಅದು ಎದೆಯಲ್ಲಿ ಕೂತುಬಿಟ್ಟ ಸಿನಿಮಾ, ಇನ್ನೊಬ್ಬರಿಗೆ ಸುಮ್ನೆ ಚಂದದ ಹೊಗೆ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೆ ನಾನು ಹಾಕಿ ತೋರಿಸಿದ ಒಂದು ಭಾನುವಾರ ನಮ್ಮ ಮನೆಯ ಹಾಲ್‌ನಲ್ಲೇ ಆ ಜಗಳ ಎದ್ದು, ಊಟ ತಣ್ಣಗಾಗುವವರೆಗೂ ನಡೆಯಿತು.

ನಾಲ್ಕು ಜನ ಇದ್ದೆವು. ನಾನು, ಅತ್ತಿಗೆ, ಅತ್ತಿಗೆಯ ಮಗಳು, ಮತ್ತೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಗೆಳತಿ. ಸಿನಿಮಾ ಆರಿಸಿದ್ದು ನಾನೇ. ಸಾವಿನ ಕಥೆ ಅಂತ ಮೊದಲೇ ಹೇಳಿದ್ದೆ. ಸಿನಿಮಾ ಶುರುವಿನಲ್ಲೇ ಅದನ್ನು ಹೇಳಿಬಿಡುತ್ತದೆ, ಹಾಗಾಗಿ ನಾನು ಹೊಸದಾಗಿ ಕೆಡಿಸುವಂಥದ್ದೇನೂ ಇರಲಿಲ್ಲ.

ನೋಡದವರಿಗಾಗಿ ಸ್ವಲ್ಪ ಕಥೆ. 1970ರ ದಶಕ, ಅಮೆರಿಕದ ಮಿಷಿಗನ್. ಡೆಟ್ರಾಯಿಟ್ ಪಕ್ಕದ ಗ್ರೋಸ್ ಪಾಯಿಂಟ್ ಎಂಬ ಅನುಕೂಲಸ್ಥರ ಬಡಾವಣೆ. ಲಿಸ್ಬನ್ ಅನ್ನುವ ಮನೆಯಲ್ಲಿ ಹದಿಮೂರರಿಂದ ಹದಿನೇಳರ ತನಕ ಐದು ಜನ ಹೆಣ್ಣುಮಕ್ಕಳು. ಅಪ್ಪ ಅದೇ ಮಕ್ಕಳ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅಮ್ಮ ದೈವಭಕ್ತೆ, ಬಿಗಿ. ಕಿರಿಯವಳು ಸಿಸಿಲಿಯಾ ಒಮ್ಮೆ ಪ್ರಾಣ ಕಳೆದುಕೊಳ್ಳಲು ಹೋಗಿ ಬದುಕುತ್ತಾಳೆ, ಎರಡನೇ ಸಲ ಉಳಿಯುವುದಿಲ್ಲ. ಮಿಕ್ಕ ನಾಲ್ವರ ಮೇಲೆ ಕಾವಲು ಹೆಚ್ಚುತ್ತದೆ. ಒಂದು ರಾತ್ರಿ ಶಾಲೆಯ ಡಾನ್ಸ್‌ಗೆ ಕಳಿಸುತ್ತಾರೆ. ಲಕ್ಸ್ ಅನ್ನುವವಳು ಅಂದು ರಾತ್ರಿ ಮನೆಗೆ ಬರುವುದಿಲ್ಲ. ಮರುದಿನದಿಂದ ಶಾಲೆ ಬಂದ್, ಬಾಗಿಲು ಬಂದ್. ಕೊನೆಗೆ ಯಾರೂ ಉಳಿಯುವುದಿಲ್ಲ. ಇದನ್ನೆಲ್ಲ ನಮಗೆ ಹೇಳುವವರು ಎದುರು ಮನೆಗಳ ಹುಡುಗರು. ಈಗ ನಡುವಯಸ್ಸಿಗೆ ಬಂದಿದ್ದಾರೆ, ಇನ್ನೂ ಆ ಹುಡುಗಿಯರದ್ದೇ ಯೋಚನೆ. ಹೇಳುವ ದನಿ ಒಂದೇ, ಆದರೆ ಅದು ‘ನಾನು’ ಅನ್ನುವುದಿಲ್ಲ, ‘ನಾವು’ ಅನ್ನುತ್ತದೆ. ಈ ಸಿನಿಮಾಕ್ಕೆ ಮೂಲವಾದ ಜೆಫ್ರಿ ಯೂಜಿನಿಡಿಸ್ ಅವರ 1993ರ ಕಾದಂಬರಿಯಲ್ಲೂ ಹೀಗೇ.

ಮೊದಲ ಕಲ್ಲು ಅಣ್ಣನ ಮಗಳದ್ದು.

“ಅತ್ತೆ, ಐದು ಜನರಲ್ಲಿ ಮೇರಿ ಯಾರು, ಥೆರೇಸ್ ಯಾರು? ಹೇಳಿ ನೋಡೋಣ.”

ನಾನು ಹೇಳಿದೆ. ಆದರೆ ಸ್ವಲ್ಪ ತಡವಾಯಿತು. ಅವಳಿಗೆ ಅಷ್ಟು ಸಾಕಿತ್ತು.

“ನೋಡಿದ್ರಾ? ನಿಮಗೇ ಯೋಚನೆ ಮಾಡ್ಬೇಕು. ಐದು ಜನ ಸತ್ತೋದ್ರು, ನಮಗೆ ಒಬ್ಬಳು ಏನು ಓದ್ತಿದ್ಲು, ಇನ್ನೊಬ್ಬಳಿಗೆ ಯಾಕೆ ಭಯ ಅಂತನೂ ಗೊತ್ತಾಗಲ್ಲ. ಬರೀ ಕೂದಲು, ಬಿಸಿಲು, ಹುಲ್ಲುಗಾವಲು. ಶಾಂಪೂ ಜಾಹೀರಾತು ಥರ. ಹುಡುಗರು ದುರ್ಬೀನು ಹಿಡ್ಕೊಂಡು ನೋಡ್ತಾರೆ, ಕ್ಯಾಮೆರಾನೂ ಅವರ ಜೊತೆ ಸೇರ್ಕೊಂಡು ನೋಡುತ್ತೆ.”

ಈ ಮಾತನ್ನು ಸುಮ್ಮನೆ ತಳ್ಳಿಹಾಕಲು ಆಗುವುದಿಲ್ಲ. ಎಡ್ವರ್ಡ್ ಲಾಕ್‌ಮನ್ ಕ್ಯಾಮೆರಾ ಇಡೀ ಸಿನಿಮಾಕ್ಕೆ ಹಳೇ ಫೋಟೋದ ಬಣ್ಣ ಬಳಿದಿದೆ. ‘ಏರ್’ ಎಂಬ ಫ್ರೆಂಚ್ ಜೋಡಿಯ ಸಂಗೀತ ಅದರ ಮೇಲೆ ತೇಲುತ್ತದೆ. ಸಾವಿನ ಕಥೆ ಇಷ್ಟು ಚಂದ ಕಾಣಬೇಕಾ ಅನ್ನುವ ಪ್ರಶ್ನೆ ಸಿನಿಮಾ ಬಂದ ಕಾಲದಿಂದಲೂ ಇದೆ. ಹದಿಹರೆಯದವರು ಒಬ್ಬರೇ ಕೂತು ನೋಡುವಾಗ ಆ ಚಂದ ಏನು ಮಾಡುತ್ತದೋ ಅನ್ನುವ ಅಳುಕು ನನಗೂ ಇದೆ. ನನ್ನ ಗೆಳತಿಯಂತೂ ಖಡಾಖಂಡಿತವಾಗಿ ಹೇಳಿದಳು, “ನಮ್ಮ ಒಂಬತ್ತನೇ ಕ್ಲಾಸಿಗೆ ಇದನ್ನ ನಾನು ತೋರಿಸಲ್ಲ. ತೋರಿಸಿದ್ರೂ ಪಕ್ಕದಲ್ಲಿ ಕೂತಿರ್ತೀನಿ, ಆಮೇಲೆ ಮಾತಾಡಿಸ್ತೀನಿ.”

ಆದರೆ ಗೆಳತಿಯ ಕೋಪ ಬೇರೆ ಕಡೆಗಿತ್ತು. ಅವಳಿಗೆ ಸಿನಿಮಾ ಹಿಡಿಸಿರಲಿಲ್ಲ, ಆದರೂ ಒಂದು ವಿಷಯದಲ್ಲಿ ಅದು ಸುಳ್ಳು ಹೇಳಿಲ್ಲ ಅಂದಳು. ದೊಡ್ಡವರ ವಿಷಯದಲ್ಲಿ. ಆಸ್ಪತ್ರೆಯಲ್ಲಿ ಡಾಕ್ಟರು ಸಿಸಿಲಿಯಾಗೆ, ಬದುಕು ಎಷ್ಟು ಕಷ್ಟ ಅಂತ ತಿಳಿಯುವ ವಯಸ್ಸೂ ನಿನಗಾಗಿಲ್ಲವಲ್ಲ ಅನ್ನುತ್ತಾರೆ. ನೀವು ಹದಿಮೂರು ವರ್ಷದ ಹುಡುಗಿಯಾಗಿದ್ದೇ ಇಲ್ಲವಲ್ಲ ಡಾಕ್ಟರೇ ಅಂತ ಅವಳು ತಿರುಗಿಸಿ ಕೊಡುತ್ತಾಳೆ. ಆಮೇಲೆ ಮನೋವೈದ್ಯರು ಬರುತ್ತಾರೆ, ಶಾಯಿ ಕಲೆಗಳನ್ನು ತೋರಿಸಿ ಏನು ಕಾಣುತ್ತದೆ ಅನ್ನುತ್ತಾರೆ, ಓರಗೆಯ ಹುಡುಗರ ಜೊತೆ ಬೆರೆಯಲಿ ಅಂತ ಸಲಹೆ ಕೊಡುತ್ತಾರೆ. ಅಪ್ಪ ಅಮ್ಮ ಅದನ್ನು ಔಷಧಿ ಚೀಟಿಯಂತೆ ಪಾಲಿಸಿ ಮನೆಯ ನೆಲಮಾಳಿಗೆಯಲ್ಲಿ ಒಂದು ಪಾರ್ಟಿ ಇಡುತ್ತಾರೆ. ಪಾನಕದ ಲೋಟ, ಕೈಕಟ್ಟಿ ನಿಂತ ಹುಡುಗರು, ಮೂಲೆಯಲ್ಲಿ ಆ ಮಗು.

“ಎಲ್ಲರೂ ಏನೋ ಒಂದು ಮಾಡ್ತಾರೆ. ಯಾರೂ ಅವಳನ್ನ ಏನಮ್ಮಾ ಅಂತ ಕೇಳಲ್ಲ,” ಅಂದಳು ಗೆಳತಿ. “ಶಾಲೆಯಲ್ಲಿ ಕರಪತ್ರ ಹಂಚ್ತಾರಲ್ಲ, ಅದು ನೋಡಿ ನಂಗೆ ಮೈ ಉರೀತು. ಯಾವ ಬಣ್ಣದ ಕಾಗದ ಆಗ್ಬೇಕು ಅಂತ ಅಷ್ಟು ಯೋಚನೆ ಮಾಡಿರ್ತಾರೆ. ಇದನ್ನೆಲ್ಲ ನಾನು ಕಣ್ಣಾರೆ ಕಂಡಿದೀನಿ.”

ಅವಳನ್ನು ಇನ್ನೂ ಕೆಣಕಿದ್ದು ಆ ಅಪ್ಪ. ಜೇಮ್ಸ್ ವುಡ್ಸ್ ಮಾಡಿದ ಪಾತ್ರ. ಒಳ್ಳೆಯವನು, ಮಕ್ಕಳ ಮೇಲೆ ಕೈ ಎತ್ತಿದವನಲ್ಲ. ಮಾದರಿ ವಿಮಾನಗಳ ಹುಚ್ಚು. ಮನೆಯಲ್ಲಿ ಮಕ್ಕಳು ಕೊಳೆಯುತ್ತಿರುವಾಗ ಶಾಲೆಯ ಕಾರಿಡಾರಿನಲ್ಲಿ ನಿಂತು ಗಿಡಗಳನ್ನು ಮಾತಾಡಿಸುತ್ತಾನೆ. ಬಿಸಿಲಿನಿಂದ ತಿಂಡಿ ಮಾಡಿಕೊಂಡಿರಾ ಅಂತ ವಿಚಾರಿಸುತ್ತಾನೆ. ನಾನು ಮೊದಲ ಸಲ ನೋಡಿದಾಗ ಅಲ್ಲಿ ನಕ್ಕಿದ್ದೆ. ಗೆಳತಿ ನಗಲಿಲ್ಲ. “ಸ್ಟಾಫ್ ರೂಮಲ್ಲಿ ಇಂಥವರ ಪಕ್ಕದಲ್ಲೇ ಕೂತಿರ್ತೀವಿ, ಗೊತ್ತಾಗಲ್ಲ” ಅಂದಳು ಅಷ್ಟೇ.

ಇಷ್ಟು ಹೊತ್ತು ಅತ್ತಿಗೆ ಮಾತಾಡಿರಲಿಲ್ಲ. ಸಾಮಾನ್ಯವಾಗಿ ಸಿನಿಮಾ ಮುಗಿದರೆ ಎದ್ದು ಅಡುಗೆಮನೆಗೆ ಹೋಗುವವರು ಅವರು. ಅಂದು ಕೂತೇ ಇದ್ದರು.

“ಎಲ್ಲರೂ ಆ ಅಮ್ಮನ್ನ ರಾಕ್ಷಸಿ ಅಂತೀರಲ್ಲ, ಆ ರಾತ್ರಿ ನಾನಾಗಿದ್ರೂ ಬಾಗಿಲು ಹಾಕ್ತಿದ್ದೆ.”

ಎಲ್ಲರೂ ಸುಮ್ಮನಾದೆವು. ಮಗಳು ಅಮ್ಮನ ಕಡೆ ನೋಡಿದಳು.

ಆ ರಾತ್ರಿ ಅಂದರೆ ಡಾನ್ಸಿನ ರಾತ್ರಿ. ಟ್ರಿಪ್ ಅನ್ನುವ ಹುಡುಗ, ಶಾಲೆಗೇ ಹೀರೋ, ಲಕ್ಸ್‌ಳನ್ನು ಕರೆದುಕೊಂಡು ಹೋಗಲು ಅವಳಪ್ಪನನ್ನು ಒಪ್ಪಿಸುತ್ತಾನೆ. ಅಮ್ಮ ಷರತ್ತು ಹಾಕುತ್ತಾಳೆ. ಹೋದರೆ ನಾಲ್ವರೂ ಹೋಗಬೇಕು, ಹೇಳಿದ ಹೊತ್ತಿಗೆ ಮನೆಯಲ್ಲಿರಬೇಕು. ಹುಡುಗಿಯರು ಬೇರೆ ಬೇರೆ ಮಾದರಿಯ ಬಟ್ಟೆ ಆರಿಸುತ್ತಾರೆ. ಅಮ್ಮ ಎದೆಗೆ ಇಷ್ಟು, ಸೊಂಟಕ್ಕೆ ಇಷ್ಟು, ಅಂಚಿಗೆ ಇಷ್ಟು ಅಂತ ಸೇರಿಸಿ ಹೊಲಿಯುವಷ್ಟರಲ್ಲಿ ನಾಲ್ಕೂ ಒಂದೇ ಥರದ ಚೀಲವಾಗಿರುತ್ತವೆ. ಆದರೂ ಆ ಸಂಜೆ ಖುಷಿಯಾಗಿದ್ದಾರೆ. ಸಿನಿಮಾದಲ್ಲಿ ಅವರು ನಿಜವಾಗಿ ಖುಷಿಯಾಗಿರುವುದು ಅಂದು ಮಾತ್ರ ಅಂತ ನನಗೆ ಅನ್ನಿಸುತ್ತದೆ. ಮಿಕ್ಕವರು ಮನೆ ಸೇರುತ್ತಾರೆ. ಲಕ್ಸ್ ಮತ್ತು ಟ್ರಿಪ್ ಆಟದ ಮೈದಾನಕ್ಕೆ ಹೋಗುತ್ತಾರೆ. ಅವಳು ನಿದ್ದೆ ಹೋದಾಗ ಅವನು ಬಿಟ್ಟು ಹೊರಟುಹೋಗುತ್ತಾನೆ. ಬೆಳಗ್ಗೆ ಅವಳು ಟ್ಯಾಕ್ಸಿಯಲ್ಲಿ ಬರುತ್ತಾಳೆ.

“ಒಂದು ಮಗೂನ ಆಗಲೇ ಕಳ್ಕೊಂಡಿರೋಳು ಅವಳು,” ಅಂದರು ಅತ್ತಿಗೆ. “ಇಡೀ ರಾತ್ರಿ ಇನ್ನೊಂದು ಮಗು ಬರಲಿಲ್ಲ. ಆ ರಾತ್ರಿ ಅವಳು ಏನೇನು ಅಂದುಕೊಂಡಿರ್ತಾಳೆ, ಅದನ್ನ ಸಿನಿಮಾ ತೋರಿಸ್ತಾ? ಕಿಟಕಿ ಹತ್ರ ನಿಂತಿರ್ತಾಳೆ ಅಷ್ಟೇ.”

“ಅದಕ್ಕೆ ಎಲ್ಲರನ್ನೂ ಕೂಡಿ ಹಾಕೋದಾ? ಹಾಡಿನ ರೆಕಾರ್ಡೆಲ್ಲ ಅವಳ ಕೈಯಲ್ಲೇ ಬೆಂಕಿಗೆ ಹಾಕ್ಸೋದಾ?” ಮಗಳ ದನಿ ಏರಿತು.

“ನಾನು ಒಂದು ವಾರ ಹಾಕ್ತಿದ್ದೆ ಅಂದೆ.”

“ಆಮೇಲೆ?”

ಅತ್ತಿಗೆ ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: “ಅದೇ ಕಷ್ಟ. ಹಾಕಿದ ಬಾಗಿಲು ಯಾವತ್ತು ತೆಗೀಬೇಕು ಅಂತ ಗೊತ್ತಾಗಲ್ಲ. ಇವತ್ತು ತೆಗೆದ್ರೆ ಇವತ್ತೇ ಏನಾದ್ರೂ ಆಗ್ಬಿಟ್ರೆ ಅನ್ಸುತ್ತೆ.”

ಈ ಸಿನಿಮಾದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಮಾತು ಇರಲಿಲ್ಲ. ಕ್ಯಾಥ್ಲೀನ್ ಟರ್ನರ್ ಆ ತಾಯಿಯನ್ನು ಕೂಗಾಡಿಸಿಲ್ಲ. ತಣ್ಣಗೆ, ಸುಸ್ತಾದ ಮುಖದಲ್ಲಿ ಎಲ್ಲ ಮಾಡುತ್ತಾಳೆ. ಕೊನೆಗೆ ನಮ್ಮ ಮನೆಯಲ್ಲಿ ಪ್ರೀತಿಗೇನೂ ಕೊರತೆ ಇರಲಿಲ್ಲ ಅನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ, ಭಯ ಹುಟ್ಟಿಸುವುದು ಅದೇ. ಊರಿನ ಎಲ್ಮ್ ಮರಗಳಿಗೂ ಸಿನಿಮಾದಲ್ಲಿ ಇಂಥದ್ದೇ ಗತಿ. ಜೀರುಂಡೆಗಳು ಹರಡುವ ಒಂದು ಶಿಲೀಂಧ್ರದ ರೋಗ ಆ ಕಾಲದಲ್ಲಿ ಅಮೆರಿಕದ ಬೀದಿ ಬೀದಿಯ ಎಲ್ಮ್‌ಗಳನ್ನು ನಿಜವಾಗಿಯೂ ಕೊಂದಿತ್ತು. ಉಳಿದವನ್ನು ಉಳಿಸಲು ರೋಗ ಬಂದದ್ದನ್ನು ಕಡಿ ಅನ್ನುವುದು ಅಧಿಕಾರಿಗಳ ಲೆಕ್ಕ. ಲಿಸ್ಬನ್ ಹುಡುಗಿಯರು ತಮ್ಮ ಮನೆ ಮುಂದಿನ ಮರವನ್ನು ಸುತ್ತುವರಿದು ನಿಲ್ಲುತ್ತಾರೆ, ಕಡಿಯಲು ಬಿಡುವುದಿಲ್ಲ. ಕಾಪಾಡುತ್ತೇವೆ ಅಂತ ಬಂದವರಿಂದ ಕಾಪಾಡಬೇಕಾದ ಪರಿಸ್ಥಿತಿ ಅವರಿಗೆ ಚೆನ್ನಾಗಿ ಗೊತ್ತಿತ್ತಲ್ಲ.

ಇಷ್ಟಾದ ಮೇಲೆ ನನ್ನ ಸರದಿ. ಅಣ್ಣನ ಮಗಳು ಹೇಳಿದ್ದು ಪೂರ್ತಿ ನಿಜ, ಆದರೆ ಅದು ಸಿನಿಮಾದ ಸೋಲಲ್ಲ ಅನ್ನುವುದು ನನ್ನ ವಾದ. ಆ ಹುಡುಗರ ಹತ್ತಿರ ಏನಿದೆ? ಸಿಸಿಲಿಯಾಳ ಡೈರಿ, ಕೆಲವು ಫೋಟೋ, ಪ್ರವಾಸದ ಕ್ಯಾಟಲಾಗುಗಳು. ಹುಡುಗಿಯರು ಮನೆಯಲ್ಲಿ ಬಂದಿಯಾಗಿ ಕೂತು ದೂರದ ದೇಶಗಳ ಕ್ಯಾಟಲಾಗ್ ತರಿಸುತ್ತಾರೆ, ಹುಡುಗರೂ ಅದನ್ನೇ ತರಿಸಿ ಅವರ ಜೊತೆ ಊರೂರು ಸುತ್ತಿದಂತೆ ಕನಸು ಕಾಣುತ್ತಾರೆ. ಬೀದಿ ದಾಟಿ ಬಾಗಿಲು ತಟ್ಟುವುದಿಲ್ಲ. ಬಂಗಾರದ ಬಿಸಿಲು, ಹಾರುವ ಕೂದಲು, ಎಲ್ಲ ಅವರ ತಲೆಯೊಳಗಿನ ಸಾಮಾನು. ಐದು ಜನ ಒಬ್ಬಳಂತೆಯೇ ಕಾಣುವುದು ನೋಡುವವರ ಕಣ್ಣಿನ ದೋಷ. ಸಿನಿಮಾ ಆ ದೋಷವನ್ನು ಮುಚ್ಚಿಡುವುದಿಲ್ಲ.

“ಹಾಗಂತ ನೀವು ಹೇಳ್ತೀರಿ,” ಅಂದಳು. “ಸಿನಿಮಾಕ್ಕೆ ಗೊತ್ತಿತ್ತು ಅನ್ನೋದಕ್ಕೆ ಏನು ಸಾಕ್ಷಿ?”

ಸಾಕ್ಷಿ ಇದೆ ಅಂದೆ. ಆ ಬೆಳಗಿನ ಮೈದಾನ. ಲಕ್ಸ್ ಎದ್ದು ನೋಡಿದರೆ ಯಾರೂ ಇಲ್ಲ. ಟ್ರಿಪ್ ಹೋಗಿದ್ದಾನೆ, ಕಥೆ ಹೇಳುವ ಹುಡುಗರು ಅವರವರ ಮನೆಯಲ್ಲಿ ಮಲಗಿದ್ದಾರೆ. ಅವಳನ್ನು ಒಬ್ಬ ಗಂಡುಹುಡುಗನೂ ನೋಡುತ್ತಿಲ್ಲ. ಅಲ್ಲಿ ಬಂಗಾರದ ಬಣ್ಣ ಮಾಯ. ತಣ್ಣನೆಯ ನೀಲಿ. ದೊಡ್ಡ ಮೈದಾನದಲ್ಲಿ ಚಿಕ್ಕದಾಗಿ ಕಾಣುವ ಒಬ್ಬ ಹುಡುಗಿ, ಚಳಿ, ನಾಚಿಕೆ. ಕರ್ಸ್ಟನ್ ಡನ್ಸ್ಟ್‌ಗೆ ಶೂಟಿಂಗ್ ಹೊತ್ತಿಗೆ ಹದಿನಾರು ವರ್ಷ, ಆ ಮುಖದಲ್ಲಿ ನಟನೆ ಎಲ್ಲಿ ಮುಗಿಯಿತು ಅಂತ ಹೇಳಲಾಗುವುದಿಲ್ಲ. ಹುಡುಗರು ಕಣ್ಣು ಮುಚ್ಚಿದಾಗ ಬಣ್ಣ ಬದಲಾಗುತ್ತದೆ ಅಂದರೆ, ಮಿಕ್ಕ ಬಣ್ಣ ಯಾರದ್ದು ಅಂತ ನಿರ್ದೇಶಕಿಗೆ ಗೊತ್ತಿತ್ತು ಅಂತಲೇ ಅರ್ಥ.

ಅವಳು ಯೋಚಿಸಿದಳು. ಆಮೇಲೆ ‘ಮುಸ್ತಾಂಗ್’ ಹೆಸರು ತೆಗೆದಳು. ಡೆನಿಜ್ ಗಮ್ಜೆ ಎರ್ಗುವೆನ್ ಅವರ 2015ರ ಸಿನಿಮಾ. ಅಲ್ಲೂ ಮನೆಯಲ್ಲಿ ಕೂಡಿಹಾಕಿದ ಐದು ಅಕ್ಕತಂಗಿಯರು, ಟರ್ಕಿಯ ಕಪ್ಪು ಸಮುದ್ರದ ದಡದ ಹಳ್ಳಿ. ಆದರೆ ಅಲ್ಲಿ ಕಥೆ ಹೇಳುವವಳು ಕಿರಿಯ ತಂಗಿ ಲಾಲೆ. “ಅವಳು ಕಾರು ಓಡಿಸೋದು ಕಲೀತಾಳೆ, ಓಡಿಹೋಗೋ ದಾರಿ ಹುಡುಕ್ತಾಳೆ. ಒಳಗಿಂದ ಹೇಳಿದ್ರೆ ಕಥೆ ಹಿಂಗಿರುತ್ತೆ ಅತ್ತೆ.” ಅದೂ ಚೆಂದದ ಸಿನಿಮಾ, ಒಪ್ಪಿದೆ. ಹೊರಗೆ ಹೊಗಳಿದ ಆ ಸಿನಿಮಾವನ್ನು ಟರ್ಕಿಯಲ್ಲಿ ಕೆಲವರು ನಮ್ಮ ಹಳ್ಳಿ ಹೀಗಿಲ್ಲ ಅಂತ ಬೈದರು ಅಂತಲೂ ಹೇಳಿದೆ. “ಬೈಯಲಿ ಬಿಡಿ” ಅಂದಳು.

ನನ್ನ ಕೈಯಲ್ಲಿ ಇನ್ನೊಂದು ಸಾಕ್ಷಿ ಉಳಿದಿತ್ತು, ಫೋನಿನ ದೃಶ್ಯ. ಹುಡುಗರು ಫೋನ್ ಮಾಡಿ ಏನೂ ಮಾತಾಡದೆ ಒಂದು ರೆಕಾರ್ಡ್ ಹಾಕುತ್ತಾರೆ. ಹುಡುಗಿಯರು ತಿರುಗಿ ಫೋನ್ ಮಾಡಿ ತಾವೂ ಒಂದು ಹಾಕುತ್ತಾರೆ. ಹುಡುಗಿಯರು ಹಾಕುವುದು ಗಿಲ್ಬರ್ಟ್ ಓಸಲಿವನ್, ಕ್ಯಾರೋಲ್ ಕಿಂಗ್ ಹಾಡಿದ್ದನ್ನು. ಒಂದು ಒಂಟಿತನದ ಹಾಡು, ಇನ್ನೊಂದು ದೂರವಾದವರ ಹಾಡು. ಇಡೀ ಸಿನಿಮಾದಲ್ಲಿ ಹುಡುಗಿಯರು ತಾವೇ ಆರಿಸಿ ಹೊರಗಿನವರಿಗೆ ಏನನ್ನಾದರೂ ನೇರವಾಗಿ ಹೇಳುವುದು ಇಲ್ಲಿ. ಹುಡುಗರು ಅದನ್ನು ಪ್ರೇಮ ಅಂದುಕೊಂಡರು. ಕೇಳಿಸಿಕೊಂಡಿದ್ದರೆ ಅದು ಸಹಾಯ ಕೇಳಿದ ಮಾತಾಗಿತ್ತು.

“ಸರಿ, ಆ ಸೀನ್ ಚೆನ್ನಾಗಿದೆ,” ಅಂದಳು. “ಮೈದಾನನೂ ಚೆನ್ನಾಗಿದೆ. 97 ನಿಮಿಷದಲ್ಲಿ ಹುಡುಗಿಯರಿಗೆ ಸಿಕ್ಕಿದ್ದು ಒಂದು ಬೆಳಗ್ಗೆ, ಎರಡು ಹಾಡು. ನಿಮಗೆ ಅಷ್ಟು ಸಾಕಾ?”

ನನಗೆ ಸಾಕು. ಅವಳಿಗೆ ಸಾಲದು. ಅಲ್ಲಿಂದ ಮುಂದೆ ನಾವಿಬ್ಬರೂ ಒಂದಿಂಚೂ ಸರಿಯಲಿಲ್ಲ. ಕಾದಂಬರಿ ಕೊಡಿ, ಓದಿ ಬಂದು ಮಾತಾಡ್ತೀನಿ ಅಂತ ತೆಗೆದುಕೊಂಡು ಹೋಗಿದ್ದಾಳೆ. ಅದರಲ್ಲಿ ಮೈದಾನದ ಆ ನೀಲಿಯೂ ಇಲ್ಲ, ಮೊದಲಿಂದ ಕೊನೆಯವರೆಗೆ ಹುಡುಗರದ್ದೇ ಮಾತು. ಇನ್ನೂ ಜಾಸ್ತಿ ಸಿಟ್ಟು ಮಾಡಿಕೊಂಡು ಬರುತ್ತಾಳೆ. ನಾನೂ ಸಿದ್ಧವಾಗಿದ್ದೇನೆ.