ಶಿರಸಿಯಿಂದ ಕುದುರೆಮುಖಕ್ಕೆ: ಗಣಿಯೂರು ದಾಟಿ ಹುಲ್ಲುಬೆಟ್ಟಕ್ಕೆ

ಕುದುರೆಮುಖ ಚಾರಣಕ್ಕೆ ಹೊರಡುವವರು ಅರಣ್ಯ ಇಲಾಖೆಯ ಅನುಮತಿ ಕೈಗೆ ಸಿಕ್ಕ ಮೇಲೆಯೇ ರಜೆ ಹಾಕುವುದು ಒಳ್ಳೆಯದು. ದಿನಕ್ಕೆ 300 ಮಂದಿಗೆ ಮಾತ್ರ ಅವಕಾಶವಿರುವುದರಿಂದ ಶನಿವಾರ, ಭಾನುವಾರಗಳು ಬೇಗ ಭರ್ತಿಯಾಗುತ್ತವೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ದಾರಿಯನ್ನೇ ಮುಚ್ಚುವುದುಂಟು.

ನಾವು ನಾಲ್ವರು ಅಕ್ಟೋಬರ್ ಕೊನೆಯಲ್ಲಿ ಶಿರಸಿಯಿಂದ ಸಾಗರ, ತೀರ್ಥಹಳ್ಳಿ, ಶೃಂಗೇರಿ ಮಾರ್ಗವಾಗಿ ಹೋದೆವು. ಹಿಂದಿನ ಸಲ ತಡವಾಗಿ ಹೊರಟು ಕುದುರೆಮುಖ ಪೇಟೆಯನ್ನು ಕತ್ತಲಲ್ಲಿ ದಾಟಿದ್ದೆ. ಈ ಬಾರಿ ಹಗಲಿನಲ್ಲೇ ದಾಟಬೇಕೆಂದು ಹಟ ಹಿಡಿದೆ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತ ಊರದು. ಸಾಲು ಸಾಲು ವಸತಿಗೃಹಗಳು ಬಾಗಿಲು ಮುಚ್ಚಿಕೊಂಡಿವೆ, ಗೋಡೆಗಳಿಗೆ ಪಾಚಿ ಹತ್ತಿದೆ. ಅದಿರಿನ ಕೆಸರು ಭದ್ರಾ ನದಿಗೆ ಸೇರುತ್ತಿದ್ದುದೇ ಗಣಿಯ ವಿರುದ್ಧ ನಡೆದ ಹೋರಾಟದ ಮುಖ್ಯ ಕಾರಣಗಳಲ್ಲೊಂದು. ಇದನ್ನು ನೋಡಿಕೊಂಡು ಬೆಟ್ಟ ಹತ್ತಿದವರಿಗೆ ಮೇಲಿನ ಹುಲ್ಲು ಬರಿಯ ಹಸಿರಾಗಿ ಕಾಣುವುದಿಲ್ಲ.

ಬಾಳೆಗಲ್ ಊರಿನಿಂದ ಚಾರಣ ಶುರುವಾಗುವ ಮುಳ್ಳೋಡಿಗೆ ಜೀಪಿನಲ್ಲೇ ಹೋಗಬೇಕು. ರಸ್ತೆ ತೀರಾ ಹಾಳಾಗಿದೆ, ಬಾಡಿಗೆಯನ್ನು ಮೊದಲೇ ಮಾತನಾಡಿಕೊಳ್ಳಿ. ಹೋಗಿಬರಲು ಸುಮಾರು 20 ಕಿಲೋಮೀಟರ್ ನಡಿಗೆಯಿರುವುದರಿಂದ ಬೆಳಗ್ಗೆ ಏಳಕ್ಕಾದರೂ ಹೊರಡಬೇಕು.

ಒಂಟಿಮರ ದಾಟಿದ ಮೇಲೆ ತೆರೆದುಕೊಳ್ಳುವ ಹುಲ್ಲುಗಾವಲು ನಮ್ಮ ಕಡೆಯ ಬೇಣವನ್ನು (ಹುಲ್ಲಿಗೆಂದು ಬಿಟ್ಟ ಜಾಗವನ್ನು) ನೆನಪಿಸಿದರೂ, ಇದರ ವಿಸ್ತಾರಕ್ಕೂ ಗಾಳಿಗೂ ಹೋಲಿಕೆಯಿಲ್ಲ. ಬೆಟ್ಟಗಳ ಮಡಿಲಲ್ಲಿ ಮಾತ್ರ ಶೋಲಾ ಕಾಡು, ಅಂದರೆ ಹುಲ್ಲುಬೆಟ್ಟಗಳ ನಡುವಿನ ಕುಳ್ಳಮರಗಳ ದಟ್ಟ ಕಾಡು, ಅಡಗಿದೆ. ಬಿಸಿಲಿನಿಂದ ಹತ್ತು ಹೆಜ್ಜೆ ಒಳಗಿಟ್ಟರೆ ಮೈ ತಣ್ಣಗಾಗುತ್ತದೆ. ಬೇರುಗಳ ನಡುವಿನ ಕಪ್ಪು ಮಣ್ಣನ್ನು ಬೆರಳಿನಿಂದ ಒತ್ತಿದಾಗ ನೀರು ಜಿನುಗಿತು. ಮಳೆಗಾಲದಲ್ಲಿ ಹೀರಿದ್ದನ್ನು ಈ ಹುಲ್ಲು ಮತ್ತು ಕಾಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊಳೆಗೆ ಬಿಡುತ್ತವೆ. ಆದ್ದರಿಂದ ಛಾಯಾಚಿತ್ರಕ್ಕಾಗಿ ಕಾಲುದಾರಿ ಬಿಟ್ಟು ಹುಲ್ಲನ್ನು ತುಳಿಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬೇರು ಕಿತ್ತ ಜಾಗದಲ್ಲಿ ಒಂದೇ ಮಳೆಗೆ ಕೊರಕಲು ಬೀಳುತ್ತದೆ.

1,890 ಮೀಟರಿಗೂ ಮಿಕ್ಕಿದ ತುದಿಯಲ್ಲಿ ನಮಗೆ ಸಿಕ್ಕಿದ್ದು ಮಂಜು ಮಾತ್ರ. ಅದಕ್ಕಾಗಿ ಬೇಸರವಾಗಲಿಲ್ಲ.

ಉಂಬಳಗಳ (ಜಿಗಣೆಗಳ) ಕಾಟ ಅಕ್ಟೋಬರಿನಲ್ಲೂ ಇರುತ್ತದೆ. ಉಪ್ಪಿನ ಪೊಟ್ಟಣವನ್ನು ಚೀಲದ ತಳದಲ್ಲಲ್ಲ, ಜೇಬಿನಲ್ಲಿಡಿ. ಒಣ ಕಾಲುಚೀಲದ ಇನ್ನೊಂದು ಜೊತೆಯನ್ನು ಮುಳ್ಳೋಡಿಯ ತಂಗುಮನೆಯಲ್ಲೇ ಬಿಟ್ಟುಹೋಗಿ, ಇಳಿದು ಬಂದಾಗ ಬೇಕಾಗುತ್ತದೆ.