ಸಾಕ್ಸ್‌ನೊಳಗಿನ ಸ್ನಿಚ್

ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಅಕ್ಕನ ಮಗಳು ಫೋನಲ್ಲಿ ಒಂದು ಆಟ ತೋರಿಸಿದಳು. ಕ್ವಾಡ್‌ಬಾಲ್.

ಹ್ಯಾರಿ ಪಾಟರ್ ಎಂಬ ಮಾಂತ್ರಿಕ ಹುಡುಗನ ಕಥೆಯಲ್ಲಿ ಪೊರಕೆ ಏರಿ ಹಾರುತ್ತಾ ಆಡುವ ಕ್ವಿಡಿಚ್ ಇದೆಯಲ್ಲ, ಅದೇ. 2005ರಲ್ಲಿ ಅಮೆರಿಕದ ಮಿಡಲ್‌ಬರಿ ಕಾಲೇಜಿನ ವಿದ್ಯಾರ್ಥಿಗಳು ಅದನ್ನು ನೆಲಕ್ಕಿಳಿಸಿದರು. ಈಗ ವಿಶ್ವಕಪ್ಪೇ ನಡೆಯುತ್ತದೆ! 2016ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಆಸ್ಟ್ರೇಲಿಯಾ ಅಮೆರಿಕವನ್ನೇ ಸೋಲಿಸಿ ಗೆದ್ದಿತ್ತು.

ನನ್ನ ಕಣ್ಣು ನಿಂತಿದ್ದು ಸ್ನಿಚ್ ಮೇಲೆ. ಕಥೆಯಲ್ಲಿ ಅದು ರೆಕ್ಕೆ ಇರುವ ಚಿನ್ನದ ಚೆಂಡು. ಇಲ್ಲಿ ಸಾಕ್ಸ್‌ನೊಳಗೆ ಒಂದು ಟೆನಿಸ್ ಬಾಲ್. ಹಳದಿ ಬಟ್ಟೆ ತೊಟ್ಟವನೊಬ್ಬ ಅದನ್ನು ಚಡ್ಡಿಯ ಹಿಂದೆ ನೇತುಬಿಟ್ಟುಕೊಂಡು ಬರುತ್ತಾನೆ. ಅವನು ಯಾವ ತಂಡದವನೂ ಅಲ್ಲ. ಎರಡೂ ಕಡೆಯವರು ಕಿತ್ತುಕೊಳ್ಳಲು ನುಗ್ಗುತ್ತಾರೆ. ಅವನು ಕಬಡ್ಡಿ ರೈಡರ್ ಹಾಗೆ ಬಗ್ಗಿ, ಹೊರಳಿ, ನುಣುಚಿಕೊಳ್ಳುತ್ತಾನೆ. ಹಾರೋಕೆ ಆಗಲ್ಲ ಅಂತ ಸುಮ್ನೆ ಕೂರಲಿಲ್ಲ ನೋಡಿ ಆ ಹುಡುಗರು. ಒಂದು ಸಾಕ್ಸ್ ಹುಡುಕಿಕೊಂಡರು. ಅದು ನನಗೆ ತುಂಬಾ ಇಷ್ಟವಾಯಿತು.

ಹೆಣ್ಣು ಗಂಡು ಒಂದೇ ತಂಡದಲ್ಲಿ ಆಡುತ್ತಾರೆ. ಇವಳಿಗೆ ಜಾಸ್ತಿ ಹಿಡಿಸಿದ್ದು ಅದು. "ಮಾಮ, ನಾವೂ ಆಡೋಣ್ವಾ?" ಅಂತ ಒಂದೇ ಸಮನೆ ಕೇಳುತ್ತಿದ್ದಾಳೆ.

ಮೈಸೂರಿನಲ್ಲಿ ಯಾರಾದರೂ ಆಡುತ್ತಿದ್ದರೆ ದಯವಿಟ್ಟು ಹೇಳಿ. ಭಾನುವಾರ ಕರೆದುಕೊಂಡು ಬರುತ್ತೇನೆ.